ಗಾಲ್ಫ್ ಮೈದಾನದ ಪಕ್ಕ ರೈಲು ನೋಡೋದು: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದಲ್ಲಿ ಯಾವುದಾದರೂ ಕನ್ನಡ ಕಾರ್ಯಕ್ರಮ ಮುಗಿದ ಮೇಲೆ, ಕಾಫಿ ಕುಡಿಯುವಾಗ ನನ್ನ ಎರಡು ಹುಚ್ಚುಗಳ ಬಗ್ಗೆ ಮಾತು ಬಂದೇ ಬರುತ್ತದೆ. ಒಂದು ಗಾಲ್ಫ್, ಇನ್ನೊಂದು ರೈಲು. ಗಾಲ್ಫ್ ನನಗೆ ಅಷ್ಟಕ್ಕಷ್ಟೇ ಬರುತ್ತದೆ, ರೈಲು ನೋಡಲು ಬರಬೇಕಾದ್ದೇನೂ ಇಲ್ಲ. ಎರಡನ್ನೂ ಒಟ್ಟಿಗೆ ಅನುಭವಿಸಬಹುದಾ ಅಂತ ಕೇಳುವವರಿಗೆ ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಗಾಲ್ಫ್ ಕೋರ್ಸೇ ಯಾಕೆ? ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ರೈಲು ಕಾಣಲ್ವಾ?

ಕಾಣುತ್ತದೆ, ಆದರೆ ತುಂಡು ತುಂಡಾಗಿ. ಇಂಜಿನ್ ಬರುತ್ತದೆ, ಆಮೇಲೆ ಕಿಟಕಿಗಳ ಸಾಲು, ಆಮೇಲೆ ಕೊನೆಯ ಬೋಗಿಯ ಬೆನ್ನು. ಇಂಜಿನ್ನಿಂದ ಹಿಡಿದು ಕೊನೆಯ ಎಕ್ಸ್ ಗುರುತಿನವರೆಗೆ ಇಡೀ ಗಾಡಿ ಒಂದೇ ನೋಟಕ್ಕೆ ಸಿಗಬೇಕಾದರೆ ಮುಂದೆ ಅಗಲವಾದ ಬಯಲು ಬೇಕು. ಮುಂಬೈನಂಥ ಊರಿನಲ್ಲಿ ಅಂಥ ಬಯಲು ಉಳಿದಿರುವುದು ಎಲ್ಲಿ? ಮೈದಾನ, ರೇಸ್‌ಕೋರ್ಸ್, ಗಾಲ್ಫ್ ಕೋರ್ಸ್, ಸಮುದ್ರದ ದಂಡೆ. ಅಷ್ಟೇ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಈಗಿನ ಹೊಸ ಮಾದರಿಯ, ಎಲ್‌ಎಚ್‌ಬಿ ಅನ್ನುವ ಬೋಗಿ ಸುಮಾರು 24 ಮೀಟರ್ ಉದ್ದ. 22 ಬೋಗಿ, ಒಂದು ಇಂಜಿನ್ ಸೇರಿದರೆ ಗಾಡಿ ಹತ್ತಿರ ಹತ್ತಿರ 550 ಮೀಟರ್. ಗಾಲ್ಫಿನಲ್ಲಿ ಒಂದು ದೊಡ್ಡ ಪಾರ್-5 ಹೋಲ್, ಅಂದರೆ ಐದು ಹೊಡೆತಗಳಲ್ಲಿ ಚೆಂಡನ್ನು ಗುಳಿಗೆ ಹಾಕಬೇಕಾದ ಅಂಕಣ, ಹೆಚ್ಚು ಕಡಿಮೆ ಅಷ್ಟೇ ಉದ್ದ. ಅಂದರೆ ಫೇರ್‌ವೇ (ಆಡುವ ಹುಲ್ಲಿನ ಪಟ್ಟಿ) ಪಕ್ಕದಲ್ಲೇ ಹಳಿ ಇದ್ದರೆ, ಇಂಜಿನ್ ಗುಳಿ ಇರುವ ಗ್ರೀನ್ ಹತ್ತಿರ ಇರುವಾಗ ಕೊನೆಯ ಬೋಗಿ ಇನ್ನೂ ಮೊದಲ ಹೊಡೆತ ಹೊಡೆಯುವ ಟೀ ಹತ್ತಿರ ಇರುತ್ತದೆ. ನೀವು ಮೂರು ಹೊಡೆತಗಳಲ್ಲಿ ತಿಣುಕಿ ಮುಟ್ಟುವ ದೂರವನ್ನು ಅದು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 20 ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ. 12 ಡಬ್ಬಿಯ ಲೋಕಲ್ ಆದರೆ ಒಂದು ಚಿಕ್ಕ ಪಾರ್-4ರಷ್ಟು.

ಮುಂಬೈನಲ್ಲಿ ಹಳಿಗೆ ಅಂಟಿಕೊಂಡಿರುವ ಗಾಲ್ಫ್ ಕೋರ್ಸ್ ಇದೆಯಾ?

ನಿಜ ಹೇಳಬೇಕಂದರೆ, ಸ್ಕಾಟ್ಲೆಂಡಿನ ಹಾಗೆ ಗೋಡೆಯ ಆಚೆಯೇ ಹಳಿ ಇರುವಂಥದ್ದು ಇಲ್ಲ. ಹತ್ತಿರ ಹತ್ತಿರ ಬರುವವು ಕೆಲವು ಇವೆ.

ಒಂದು, ತಾಡ್‌ದೇವ್–ಹಾಜಿ ಅಲಿ ಕಡೆಯ ವಿಲಿಂಗ್ಡನ್ ಸ್ಪೋರ್ಟ್ಸ್ ಕ್ಲಬ್. 1918ರಲ್ಲಿ ಶುರುವಾದದ್ದು. ಮುಂಬೈ ಸೆಂಟ್ರಲ್–ಮಹಾಲಕ್ಷ್ಮಿ ನಡುವಿನ ಪಶ್ಚಿಮ ರೈಲ್ವೆ ಹಳಿ ಅಲ್ಲಿಂದ ದೂರವೇನಿಲ್ಲ, ಆದರೆ ನಡುವೆ ತುಳಸಿವಾಡಿಯ ವಸತಿ ಬಂದುಬಿಡುತ್ತದೆ. ರೈಲು ಕೇಳುವಷ್ಟು ಕಾಣುವುದಿಲ್ಲ.

ಇನ್ನೊಂದು ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್, 1927ರದ್ದು. ಚೆಂಬೂರು ರೈಲು ಹುಚ್ಚರ ಪಾಲಿಗೆ ಒಳ್ಳೆಯ ಜಾಗ. ಒಂದು ಕಡೆ ಹಾರ್ಬರ್ ಲೈನಿನ ಲೋಕಲ್. ಇನ್ನೊಂದು ಕಡೆ ಕುರ್ಲಾದಿಂದ ಟ್ರಾಂಬೆಗೆ ಹೋಗುವ ಗೂಡ್ಸ್ ಮಾರ್ಗ, ಅದರ ಮೇಲೆ ಗೊಬ್ಬರದ ಕಾರ್ಖಾನೆಗೆ, ತೈಲ ಶುದ್ಧೀಕರಣ ಘಟಕಕ್ಕೆ ಹೋಗಿಬರುವ ಗಾಡಿಗಳು. ಮೇಲಿಂದ 2014ರಲ್ಲಿ ಶುರುವಾದ ಮೋನೋರೈಲು. ಆ ಮೋನೋ ದಾರಿಯಲ್ಲಿ ಮೈಸೂರ್ ಕಾಲೊನಿ ಅಂತಲೇ ಒಂದು ಸ್ಟೇಷನ್ ಇದೆ, ಊರಿಂದ ಬಂದವರಿಗೆ ತೋರಿಸಿದರೆ ಖುಷಿಪಡುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಸುಧಾರಣೆ ಕೆಲಸಕ್ಕೆಂದು ಮೋನೋ ನಿಲ್ಲಿಸಿದ್ದರು, ಹಾಗಾಗಿ ಓಡುತ್ತಿದೆಯಾ ಅಂತ ವಿಚಾರಿಸಿಕೊಂಡು ಹೋಗಿ.

ಕೊಲಾಬಾದಲ್ಲಿ ಸೇನೆಯವರ ಕೋರ್ಸ್ ಇದೆ. ಅಲ್ಲಿ ಕಾಣುವುದು ಸಮುದ್ರ, ರೈಲಲ್ಲ.

ಮತ್ತೆ ಖಾರ್ಘರ್. ಅದರ ಬಗ್ಗೆ ಕೆಳಗೆ.

ನಾನು ಯಾವ ಕ್ಲಬ್ಬಿಗೂ ಮೆಂಬರ್ ಅಲ್ಲ. ಸುಮ್ನೆ ರೈಲು ನೋಡ್ತೀನಿ ಅಂದರೆ ಒಳಗೆ ಬಿಡ್ತಾರಾ?

ಇಲ್ಲ. ಗೇಟಿನಲ್ಲಿರುವ ವಾಚ್‌ಮನ್‌ಗೆ ಆ ಕಾರಣ ಹೇಳಿ ನೋಡಿ, ಆತನ ಮುಖ ನೋಡುವಂತಿರುತ್ತದೆ. ವಿಲಿಂಗ್ಡನ್, ಪ್ರೆಸಿಡೆನ್ಸಿಯಂಥ ಕಡೆ ಮೆಂಬರ್ ಒಬ್ಬರು ಅತಿಥಿಯಾಗಿ ಕರೆದುಕೊಂಡು ಹೋಗಬೇಕು.

ಖಾರ್ಘರ್ ವ್ಯಾಲಿ ಗಾಲ್ಫ್ ಕೋರ್ಸ್ ಮಾತ್ರ ಬೇರೆ. ಅದು ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋ ಮಾಡಿದ್ದು. ದುಡ್ಡು ಕಟ್ಟಿ ಯಾರು ಬೇಕಾದರೂ ಆಡಬಹುದು. ಗುಡ್ಡದ ಮಗ್ಗುಲಲ್ಲಿದೆ, ಮಳೆ ಬಿದ್ದ ಮೇಲಂತೂ ಘಟ್ಟದ ಕೆಳಗಿನ ನಮ್ಮ ಊರುಗಳ ಹಾಗೆ ಹಸಿರು. ಅಲ್ಲಿಗೆ ಹೋಗಲು ಬೇಲಾಪುರ–ಪೆಂಧರ್ ಮೆಟ್ರೋ ಇದೆ, 2023ರ ನವೆಂಬರಿನಲ್ಲಿ ಶುರುವಾಯಿತು. ಸೆಂಟ್ರಲ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರ. ಕೋರ್ಸಿನೊಳಗಿಂದ ರೈಲು ನೋಡುವ ಆಸೆ ಇಟ್ಟುಕೊಳ್ಳಬೇಡಿ. ಆಟ ಮುಗಿಸಿ ಅದೇ ಮೆಟ್ರೋದಲ್ಲಿ ಪೆಂಧರ್ ಕಡೆಗೆ ಹೋದರೆ ತಳೋಜಾ ಸಿಗುತ್ತದೆ. ದಿವಾ–ಪನ್ವೇಲ್ ಮಾರ್ಗ ಹೋಗುವುದು ಅಲ್ಲೇ. ಮಂಗಳೂರು ಕಡೆಯ ಗಾಡಿಗಳೆಲ್ಲ ಅದೇ ಹಳಿ ಮೇಲೆ ಬರಬೇಕು. ಬೆಳಿಗ್ಗೆ ಗಾಲ್ಫ್, ಮಧ್ಯಾಹ್ನದ ಮೇಲೆ ಮತ್ಸ್ಯಗಂಧ ಎಕ್ಸ್‌ಪ್ರೆಸ್. ನನಗಂತೂ ಇದಕ್ಕಿಂತ ಒಳ್ಳೆಯ ದಿನಚರಿ ಗೊತ್ತಿಲ್ಲ.

ಹಾಗಾದರೆ ಮೆಂಬರ್‌ಶಿಪ್ ಇಲ್ಲದೆ, ಖರ್ಚಿಲ್ಲದೆ, ಹಸಿರು ಮೈದಾನ ಮತ್ತು ರೈಲು ಒಟ್ಟಿಗೆ ನೋಡೋದು ಎಲ್ಲಿ?

ಮರೀನ್ ಡ್ರೈವ್‌ನಲ್ಲಿ. ಗಾಲ್ಫ್ ಬಿಟ್ಟುಬಿಡಿ, ಕ್ರಿಕೆಟ್ ಇಟ್ಟುಕೊಳ್ಳಿ. ಮರೀನ್ ಲೈನ್ಸ್ ಸ್ಟೇಷನ್ನಿನಿಂದ ಚರ್ನಿ ರೋಡ್ ಕಡೆಗೆ ಹಿಂದೂ, ಇಸ್ಲಾಂ, ಪಾರ್ಸಿ ಅಂತ ಜಿಮ್‌ಖಾನಾಗಳ ಮೈದಾನಗಳು ಸಾಲಾಗಿ ಇವೆ. ಮುಂದೆ ರಸ್ತೆ, ಸಮುದ್ರ. ಹಿಂದೆ ಹಳಿ. ಸಂಜೆ ಹೊತ್ತು ಫುಟ್‌ಪಾತ್ ಮೇಲೆ ನಿಂತು ಬೇಲಿಯ ಸಂದಿಯಿಂದ ನೋಡಿದರೆ ಬಿಳಿ ಬಟ್ಟೆಯ ಹುಡುಗರು, ಅವರ ಹಿಂದೆ ಪರದೆ ಎಳೆದ ಹಾಗೆ ಹಾದುಹೋಗುವ ಲೋಕಲ್. ಬಾಗಿಲಲ್ಲಿ ನೇತಾಡುವವರಲ್ಲಿ ಯಾರಾದರೂ ಒಬ್ಬರು ಕತ್ತು ತಿರುಗಿಸಿ ಆಟ ನೋಡುತ್ತಲೇ ಇರುತ್ತಾರೆ. ಬೌಲರ್ ಓಡಿ ಬಂದು ಚೆಂಡು ಬಿಡುವುದು ಅವರಿಗೆ ಕಾಣುತ್ತದೆ, ಅದು ಏನಾಯಿತು ಅನ್ನುವುದು ಕಾಣುವುದಿಲ್ಲ. ಅಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತದೆ.

ಇಲ್ಲಿ ಒಂದು ಕೊರತೆ ಇದೆ. ಪಶ್ಚಿಮ ರೈಲ್ವೆಯ ದೂರದ ಗಾಡಿಗಳು ಮುಂಬೈ ಸೆಂಟ್ರಲ್‌ನಲ್ಲೇ ನಿಂತುಬಿಡುತ್ತವೆ. ಅಲ್ಲಿಂದ ಚರ್ಚ್‌ಗೇಟಿನವರೆಗೆ ಬರೀ ಲೋಕಲ್. ರಾಜಧಾನಿ, ವಂದೇ ಭಾರತ್ ಬೇಕಂದರೆ ಮಹಾಲಕ್ಷ್ಮಿಗೆ ಹೋಗಿ. ಸ್ಟೇಷನ್ ಪಕ್ಕದ ಸೇತುವೆ ಮೇಲೆ ನಿಂತರೆ ಒಂದು ಕಡೆ ಧೋಬಿ ಘಾಟ್, ಕೆಳಗೆ ಹಳಿಗಳು. ವಿದೇಶಿಗರು ಬಟ್ಟೆ ಒಗೆಯುವುದರ ಫೋಟೋ ತೆಗೆಯುತ್ತಾ ನಿಂತಿರುತ್ತಾರೆ, ನಾವು ಅವರಿಗೆ ಬೆನ್ನು ಹಾಕಿ ರೈಲು ನೋಡುತ್ತೇವೆ.

ವಾಂಖೆಡೆ ಸ್ಟೇಡಿಯಂ ಕೂಡ ಹಳಿಗೆ ಒತ್ತಿಕೊಂಡೇ ಇದೆ. ಟಿಕೆಟ್ ಸಿಕ್ಕರೆ ಮೇಲಿನ ಸ್ಟ್ಯಾಂಡ್ ಕೇಳಿ.

ಸ್ಕಾಟ್ಲೆಂಡಿನಲ್ಲಿ ಮಾತ್ರ ಗಾಲ್ಫ್ ಮತ್ತು ರೈಲು ಅಷ್ಟೊಂದು ಅಕ್ಕಪಕ್ಕ ಯಾಕೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಅಲ್ಲಿನ ಹಳೆಯ ಕೋರ್ಸ್‌ಗಳು ಸಮುದ್ರದ ದಂಡೆಯ ಮರಳು ನೆಲದಲ್ಲಿವೆ. ಬೇಸಾಯಕ್ಕೆ ಬಾರದ, ಕುರಿ ಮೇಯಲಷ್ಟೇ ಆಗುವ ನೆಲ. ರೈಲ್ವೆಯವರಿಗೂ ಅದೇ ಬೇಕಿತ್ತು. ಸಮತಟ್ಟು, ಅಗ್ಗ, ಸುರಂಗ ಕೊರೆಯುವ ತಾಪತ್ರಯ ಇಲ್ಲ. ಹಾಗಾಗಿ ಇಬ್ಬರೂ ಒಂದೇ ಪಟ್ಟಿಯ ಮೇಲೆ ಬಂದು ಕೂತರು. ಗ್ಲಾಸ್ಗೋದಿಂದ ಏರ್ ಪಟ್ಟಣಕ್ಕೆ ರೈಲು 1840ರಲ್ಲಿ ಬಂತು. ಆ ದಾರಿಯ ಪ್ರೆಸ್ಟ್‌ವಿಕ್‌ನಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1851ರಲ್ಲಿ. ಅಂದರೆ ಮೊದಲು ರೈಲು, ಆಮೇಲೆ ಗಾಲ್ಫ್. ಊರಿನ ಜನ ರೈಲು ಹತ್ತಿ ಬಂದು, ಇಳಿದು, ಆಡಿ, ಸಂಜೆ ವಾಪಸ್ ಹೋಗುತ್ತಿದ್ದರು.

ಪ್ರೆಸ್ಟ್‌ವಿಕ್‌ನ ಮೊದಲ ಹೋಲ್‌ನ ಹೆಸರೇ ರೈಲ್ವೆ. ಬಲಗಡೆ ಉದ್ದಕ್ಕೂ ಕಲ್ಲಿನ ಗೋಡೆ, ಗೋಡೆಯ ಆಚೆ ಹಳಿ, ಸ್ಟೇಷನ್ ಅಲ್ಲೇ ಪಕ್ಕದಲ್ಲಿ. ದಿನದ ಮೊದಲ ಹೊಡೆತ, ಕೈಕಾಲು ಇನ್ನೂ ಬಿಸಿಯಾಗಿರುವುದಿಲ್ಲ, ಪ್ಲಾಟ್‌ಫಾರ್ಮಿನಲ್ಲಿ ನಿಂತವರು ನೋಡುತ್ತಿರುತ್ತಾರೆ. ಸ್ಲೈಸ್ ಆಗಿ ಚೆಂಡು ಬಲಕ್ಕೆ ತಿರುಗಿ ಹೋಯಿತೋ, ಮರ್ಯಾದೆ ಹೋಯಿತು. 1860ರ ಅಕ್ಟೋಬರಿನಲ್ಲಿ ಮೊಟ್ಟಮೊದಲ ಓಪನ್ ಚಾಂಪಿಯನ್‌ಶಿಪ್ ನಡೆದದ್ದು ಇದೇ ಕ್ಲಬ್ಬಿನಲ್ಲಿ. ಆಡಿದವರು ಎಂಟೇ ಜನ.

ಅದೇ ಮಾರ್ಗದಲ್ಲಿ ಸ್ವಲ್ಪ ಮುಂಚೆ ಸಿಗುವ ರಾಯಲ್ ಟ್ರೂನ್‌ನಲ್ಲಿ 11ನೆಯ ಹೋಲ್‌ನ ಹೆಸರೂ ರೈಲ್ವೆ. ಬಲಗಡೆ ಹಳಿ, ಎಡಗಡೆ ಮುಳ್ಳುಪೊದೆ. 1962ರ ಓಪನ್‌ನಲ್ಲಿ ಜ್ಯಾಕ್ ನಿಕ್ಲಾಸ್ ಅಂಥ ಗಾಲ್ಫ್ ದಿಗ್ಗಜರೇ ಈ ಒಂದು ಹೋಲ್‌ಗೆ 10 ಹೊಡೆತ ತೆಗೆದುಕೊಂಡರು. ನಿಮ್ಮ ಸ್ಕೋರ್ ಕಾರ್ಡ್ ನೋಡಿ ಯಾರಾದರೂ ನಕ್ಕರೆ ಇದನ್ನು ಹೇಳಿ.

ಸೇಂಟ್ ಆಂಡ್ರೂಸ್ ಕಥೆ ಬೇರೆ. ಓಲ್ಡ್ ಕೋರ್ಸಿನ 17ನೆಯ ಹೋಲ್‌ನಲ್ಲಿ ಮೊದಲ ಹೊಡೆತ ರೈಲ್ವೆ ಶೆಡ್ಡುಗಳ ಮೇಲಿಂದ ಹೋಗಬೇಕಿತ್ತು. 1969ರಲ್ಲಿ ಆ ರೈಲು ಮಾರ್ಗವನ್ನೇ ಮುಚ್ಚಿದರು. ಸ್ಟೇಷನ್ ಯಾರ್ಡ್ ಇದ್ದ ಕಡೆ ಹೋಟೆಲ್ ಎದ್ದಿತು. ಆದರೆ ಶೆಡ್ ಇಲ್ಲದಿದ್ದರೆ ಆ ಹೋಲ್‌ಗೆ ಅರ್ಥವೇ ಇಲ್ಲ ಅಂತ ಅದೇ ಆಕಾರದ ಶೆಡ್ಡನ್ನು ಮತ್ತೆ ಕಟ್ಟಿದರು. ರೈಲು ಹೋಯಿತು, ಅದರ ಅಡ್ಡಿ ಮಾತ್ರ ಉಳಿಯಿತು. ಇದು ಗಾಲ್ಫಿನವರಿಗೇ ಸಾಧ್ಯ, ಅಲ್ವಾ?

ನಮ್ಮಲ್ಲಿ ಹಾಗಾಗದ ಕಾರಣವೂ ಸರಳ. ಬಾಂಬೆಯಲ್ಲಿ 1842ರಲ್ಲೇ ಒಂದು ಗಾಲ್ಫ್ ಕ್ಲಬ್ ಹುಟ್ಟಿತ್ತು. ಬೋರಿಬಂದರ್‌ನಿಂದ ಠಾಣೆಗೆ ಮೊದಲ ರೈಲು ಹೊರಟದ್ದು 1853ರ ಏಪ್ರಿಲ್ 16ಕ್ಕೆ. ಆಮೇಲೆ ಹಳಿಯ ಪಕ್ಕದ ಜಾಗ ಮಿಲ್ಲಿಗೆ, ಗೋದಾಮಿಗೆ, ಚಾಳಿಗೆ ಹೋಯಿತು. ಆಟಕ್ಕೆ ಯಾರು ಬಿಡುತ್ತಾರೆ?

ಹೊಡೆದ ಚೆಂಡು ಹಳಿ ಮೇಲೆ ಬಿದ್ದರೆ ಏನು ಮಾಡೋದು?

ಮರೆತುಬಿಡಿ. ಹಳಿ ಇರುವ ಕಡೆ ಕೋರ್ಸಿನ ಗಡಿ ಮುಗಿದಿರುತ್ತದೆ, ಗಡಿಗೆ ಬಿಳಿ ಗೂಟ ಇಲ್ಲವೇ ಗೋಡೆ. ಆಚೆ ಹೋದರೆ ಔಟ್ ಆಫ್ ಬೌಂಡ್ಸ್, ನಮ್ಮ ಭಾಷೆಯಲ್ಲಿ ಓಬಿ. ಒಂದು ಹೊಡೆತದ ದಂಡ ಹಾಕಿಕೊಂಡು ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಆಚೆ ಹೋಯಿತಾ ಇಲ್ವಾ ಅನ್ನುವ ಅನುಮಾನ ಇದ್ದರೆ ಮುಂಚೆಯೇ ಹೇಳಿ ಒಂದು ಪ್ರೊವಿಷನಲ್ (ತಾತ್ಕಾಲಿಕ) ಚೆಂಡು ಹೊಡೆದಿಟ್ಟುಕೊಳ್ಳಿ. ಹುಡುಕಲು ಮೂರೇ ನಿಮಿಷ.

ಗೋಡೆ ಹತ್ತಿ ಚೆಂಡು ತರಲು ಮಾತ್ರ ಹೋಗಬೇಡಿ, ನಿಮ್ಮ ಬ್ಯಾಗ್ ಹೊರುವ ಕ್ಯಾಡಿಯನ್ನೂ ಕಳಿಸಬೇಡಿ. ರೈಲ್ವೆ ಕಾಯ್ದೆ 1989ರ 147ನೆಯ ಸೆಕ್ಷನ್ ಪ್ರಕಾರ ಹಳಿ ಮೇಲೆ ಅತಿಕ್ರಮವಾಗಿ ಹೋದರೆ ಆರು ತಿಂಗಳವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಂಬೈನಲ್ಲಿ ಹಳಿ ದಾಟಲು ಹೋಗಿ ಸತ್ತವರ ಸುದ್ದಿ ನಾವು ದಿನಾ ಓದುತ್ತೇವೆ. ಚೆಂಡಿನ ಬೆಲೆ ಎಷ್ಟು, ನೀವೇ ಯೋಚಿಸಿ.

ಇನ್ನೊಂದು ವಿಷಯ. ಚೆಂಡು 46 ಗ್ರಾಮಿಗೆ ಸ್ವಲ್ಪ ಕಮ್ಮಿ ತೂಗುತ್ತದೆ. ಆದರೆ ಓಡುವ ಲೋಕಲ್‌ನ ಬಾಗಿಲಲ್ಲಿ ನಿಂತವನಿಗೆ ಬಡಿದರೆ ಕಲ್ಲೇಟೇ. ಬೇಕಂತ ಏನಾದರೂ ಎಸೆದರೆ ಶಿಕ್ಷೆ ಜೀವಾವಧಿವರೆಗೂ ಹೋಗಬಹುದು. ಅಜಾಗರೂಕತೆಯಿಂದ ಪ್ರಯಾಣಿಕರಿಗೆ ಅಪಾಯ ತಂದರೂ 154ನೆಯ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲಿದೆ. ಗಾಡಿ ಬರುತ್ತಿದ್ದರೆ ಕಾಯಿರಿ.

ಹಾರ್ನ್ ಹೊಡೆದರೆ ಆಟದ ಗಮನ ಕೆಡಲ್ವಾ?

ನನ್ನದು ಕೆಡುತ್ತದೆ, ಯಾಕಂದರೆ ನಾನು ತಿರುಗಿ ನೋಡುತ್ತೇನೆ. ಕೆಡದಿದ್ದವರೂ ಇದ್ದರು. 1920ರಲ್ಲಿ ಇಂಗ್ಲೆಂಡಿನ ಶೆರಿಂಗಮ್‌ನಲ್ಲಿ ಮಹಿಳೆಯರ ಚಾಂಪಿಯನ್‌ಶಿಪ್ ಫೈನಲ್. ಜಾಯ್ಸ್ ವೆದರೆಡ್ ಅನ್ನುವ ಹುಡುಗಿ, ಆಗ ಹೆಸರೇ ಗೊತ್ತಿಲ್ಲದವಳು, 17ನೆಯ ಗ್ರೀನ್‌ನಲ್ಲಿ ಚೆಂಡನ್ನು ಗುಳಿಗೆ ಉರುಳಿಸುವಾಗ ಪಕ್ಕದ ಹಳಿ ಮೇಲೆ ರೈಲು ಧಡಧಡ ಅಂತ ಹೋಯಿತು. ಚೆಂಡು ನೇರ ಗುಳಿಗೆ ಬಿತ್ತು, ಪಂದ್ಯ ಗೆದ್ದಳು. ಆ ರೈಲು ಹೋಗಲಿ ಅಂತ ಯಾಕೆ ಕಾಯಲಿಲ್ಲ ಅಂತ ಆಮೇಲೆ ಕೇಳಿದರೆ, ಯಾವ ರೈಲು ಅಂದಳಂತೆ. ಆ ಹಳಿ ಮೇಲೆ ಈಗಲೂ ಪ್ರವಾಸಿಗಳಿಗಾಗಿ ಉಗಿಬಂಡಿ ಓಡಿಸುತ್ತಾರೆ.

ನಮ್ಮ ಕಡೆಯ ಉತ್ತರ ಬೇರೆ ಥರ. ಇಲ್ಲಿ ವಿಜಯಪುರದ ಕಡೆಯ ಒಬ್ಬ ಕ್ಯಾಡಿ ಅಣ್ಣ ಇದ್ದಾರೆ. ದೂರದಲ್ಲಿ ಗೂಡ್ಸ್ ಗಾಡಿ ಎಳೆಯುವ ಸದ್ದು ಕೇಳಿದ ಕೂಡಲೇ ಬ್ಯಾಗ್ ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ ತೆಗೆದು ಕ್ಲಬ್ಬಿನ ತುದಿ ಒರೆಸುತ್ತಾ, "ತಡೀರಿ ಸಾಹೇಬ್ರ, ಹೋಗ್ಲಿ ಅದು. ಹೊಡ್ಯಾಕ ಏನ್ ಅವಸರ ಐತಿ?" ಅನ್ನುತ್ತಾರೆ. ಸದ್ದಿನ ಮೇಲೆಯೇ ಗಾಡಿ ಖಾಲಿಯೋ ತುಂಬಿದ್ದೋ ಹೇಳುತ್ತಾರೆ. ಖಾಲಿ ವ್ಯಾಗನ್ ಡಬ್ಬ ಬಡಿದ ಹಾಗೆ ಗಲಗಲ ಅನ್ನುತ್ತದೆ, ತುಂಬಿದ್ದು ಗುಂಯ್ ಅಂತ ನೆಲ ಹಿಡಿದು ಹೋಗುತ್ತದೆ. ಈಗ ನನಗೂ ಸ್ವಲ್ಪ ಬರುತ್ತದೆ.

ನಿಯಮದ ಪ್ರಕಾರ ರೈಲು ಕೂಗಿದ್ದಕ್ಕೆ ಮರುಹೊಡೆತ ಸಿಗುವುದಿಲ್ಲ.

ನಮ್ಮೂರಿನ ಕಡೆ ಹೋಗುವ ಗಾಡಿಗಳನ್ನ ನೋಡಬೇಕಂದರೆ?

ಮೈಸೂರಿನ ಶರಾವತಿ, ಹುಬ್ಬಳ್ಳಿ ಮೇಲೆ ಪುದುಚೇರಿಗೆ ಹೋಗುವ ಚಾಲುಕ್ಯ ದಾದರಿನಿಂದ ಹೊರಡುತ್ತವೆ. ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಯಿಂದ ಸೊಲ್ಲಾಪುರ, ಕಲಬುರಗಿ, ರಾಯಚೂರು ಮೇಲೆ ಬೆಂಗಳೂರಿಗೆ. ಮೂರೂ ಮಾಟುಂಗಾ ದಾಟಿಯೇ ಹೋಗಬೇಕು. ಮತ್ಸ್ಯಗಂಧ ಕುರ್ಲಾ ಟರ್ಮಿನಸ್‌ನಿಂದ ಕೊಂಕಣದ ದಾರಿ ಹಿಡಿಯುತ್ತದೆ.

ಇಡೀ ಗಾಡಿ ಒಂದೇ ನೋಟದಲ್ಲಿ ಬೇಕಂದರೆ ಮಾತ್ರ ಭೋರ್ ಘಾಟಿಗೆ ಹೋಗಬೇಕು. ಕರ್ಜತ್‌ನಿಂದ ಲೋನಾವಳಕ್ಕೆ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಮುಂದಿನ ಇಂಜಿನ್ ಒಂದರಿಂದ ಆಗುವ ಕೆಲಸ ಅಲ್ಲ. ಕರ್ಜತ್‌ನಲ್ಲಿ ಹಿಂದೆ ಬ್ಯಾಂಕರ್ ಇಂಜಿನ್‌ಗಳನ್ನು ಸೇರಿಸಿ ಗಾಡಿಯನ್ನು ಹಿಂದಿನಿಂದ ತಳ್ಳುತ್ತಾರೆ. ಖಂಡಾಲದ ಕಡೆ ನಿಂತು ನೋಡಿದರೆ ತಿರುವಿನಲ್ಲಿ ಮುಂದಿನ ಇಂಜಿನ್, ಬೋಗಿಗಳು, ಹಿಂದಿನ ಬ್ಯಾಂಕರ್‌ಗಳು ಎಲ್ಲ ಒಂದೇ ಚಾಪದಲ್ಲಿ ಕಾಣುತ್ತವೆ. 2023ರ ಫೆಬ್ರವರಿಯಲ್ಲಿ ಶುರುವಾದ ಸೊಲ್ಲಾಪುರದ ವಂದೇ ಭಾರತ್ ಬ್ಯಾಂಕರ್ ಇಲ್ಲದೆಯೇ ಏರುತ್ತದೆ. ಅದರ ಬೋಗಿಗಳ ಕೆಳಗೇ ಮೋಟಾರ್‌ಗಳಿವೆ. ವೇಗ ಒಳ್ಳೆಯದೇ. ನೋಡಲು ಹಳೆಯದರಷ್ಟು ಮಜಾ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪುಣೆಯಲ್ಲಿ?

ಯೆರವಾಡದಲ್ಲಿ ಪೂನಾ ಕ್ಲಬ್ಬಿನ 18 ಹೋಲ್‌ನ ಒಳ್ಳೆಯ ಕೋರ್ಸ್ ಇದೆ. ರೈಲು ಹಳಿ ಪಕ್ಕದಲ್ಲಿಲ್ಲ. 2024ರಿಂದ ‘ನಗರ್ ರೋಡ್’ ಅನ್ನುವ ರಸ್ತೆಯ ಕಡೆ ಮೆಟ್ರೋ ಓಡುತ್ತಿದೆ, ಅದನ್ನೇ ರೈಲು ಅಂತ ಒಪ್ಪಿಕೊಳ್ಳುವವರು ಒಪ್ಪಿಕೊಳ್ಳಬಹುದು. ಪುಣೆಯ ಸ್ನೇಹಿತರಿಗೆ ನಾನು ಲೋನಾವಳಕ್ಕೇ ಹೋಗಿ ಅನ್ನುತ್ತೇನೆ.

ದೂರದಿಂದಲೇ ಯಾವ ಗಾಡಿ ಅಂತ ಹೇಗೆ ಹೇಳ್ತೀರಿ?

ಲೋಕಲ್ ಸುಲಭ. ಬಾಗಿಲು ಮುಚ್ಚಿದ್ದರೆ ಎಸಿ ಲೋಕಲ್. ಅಂಥ ಮೊದಲ ಗಾಡಿ ಓಡಿದ್ದು 2017ರ ಕ್ರಿಸ್‌ಮಸ್ ದಿನ, ಪಶ್ಚಿಮ ರೈಲ್ವೆಯಲ್ಲಿ. ಬಾಗಿಲಲ್ಲಿ ಜನ ನೇತಾಡುತ್ತಿದ್ದರೆ ಮಾಮೂಲಿ. ಮುಂದಿನ ಬೋರ್ಡಿನಲ್ಲಿ ಎಲ್ಲಿಗೆ ಅನ್ನುವ ಅಕ್ಷರ, ಪಕ್ಕದಲ್ಲಿ ಸ್ಲೋ ಅಥವಾ ಫಾಸ್ಟ್. ದೂರದ ಗಾಡಿಯಲ್ಲಿ ಕೆಂಪು ಬೋಗಿಗಳು ಸಾಮಾನ್ಯವಾಗಿ ಎಲ್‌ಎಚ್‌ಬಿ, ನೀಲಿಯವು ಹಳೆಯ ಮಾದರಿಯ ಐಸಿಎಫ್. ಕೊನೆಯ ಬೋಗಿಯ ಹಿಂದೆ ದೊಡ್ಡ ಎಕ್ಸ್ ಕಾಣಬೇಕು. ಅದು ಕಂಡರೆ ಗಾಡಿ ಪೂರ್ತಿ ಬಂತು, ನಡುವೆ ಕಳಚಿಕೊಂಡಿಲ್ಲ ಅಂತ ಸ್ಟೇಷನ್ ಸಿಬ್ಬಂದಿಗೆ ಗೊತ್ತಾಗುತ್ತದೆ. ಒಂದು ಸಾಧಾರಣ ದುರ್ಬೀನು ಇಟ್ಟುಕೊಳ್ಳಿ. ದುಬಾರಿಯದು ಬೇಡ.

ಡ್ರೋನ್ ಹಾರಿಸಿ ವಿಡಿಯೋ ಮಾಡಬಹುದಾ?

ಬೇಡ. ಮುಂಬೈನಲ್ಲಿ ಪೊಲೀಸರು ಆಗಾಗ ಡ್ರೋನ್ ನಿಷೇಧದ ಆದೇಶ ಹೊರಡಿಸುತ್ತಲೇ ಇರುತ್ತಾರೆ. ಚೆಂಬೂರು–ಟ್ರಾಂಬೆ ಕಡೆ ರಿಫೈನರಿ, ಅಣುಶಕ್ತಿ ಕೇಂದ್ರ ಇವೆ. ಅಲ್ಲಂತೂ ಆ ಯೋಚನೆಯೇ ಬೇಡ.

ಊರಿಂದ ಮಕ್ಕಳು ಬಂದಿದ್ದಾರೆ. ಒಂದೇ ದಿನದಲ್ಲಿ ಏನು ತೋರಿಸೋದು?

ಬೆಳಿಗ್ಗೆ ಮಹಾಲಕ್ಷ್ಮಿ ಸೇತುವೆ, ಬಿಸಿಲೇರುವ ಮುಂಚೆ. ಅಲ್ಲಿಂದ ಮಾಟುಂಗಾಕ್ಕೆ ಬಂದು ತಿಂಡಿ. ಮಕ್ಕಳಿಗೆ ಹೊಟ್ಟೆ ತುಂಬಿದರೆ ಅರ್ಧ ಕೆಲಸ ಆಯಿತು. ಸಂಜೆ ಚರ್ಚ್‌ಗೇಟಿನವರೆಗೆ ಲೋಕಲ್‌ನಲ್ಲಿ ಹೋಗಿ, ಮರೀನ್ ಡ್ರೈವ್‌ಗುಂಟ ಜಿಮ್‌ಖಾನಾಗಳ ಕಡೆ ನಡೆಯಿರಿ. ಹೋಗುವಾಗ ಸಮುದ್ರದ ಬದಿಯ ಕಿಟಕಿ ಹಿಡಿಯಿರಿ, ಚರ್ನಿ ರೋಡ್ ದಾಟಿದ ಮೇಲೆ ಅವೇ ಮೈದಾನಗಳು ಒಳಗಿಂದ ಕಾಣುತ್ತವೆ.

ಭಾನುವಾರ ಮಾತ್ರ ಇಟ್ಟುಕೊಳ್ಳಬೇಡಿ. ಅವತ್ತು ಒಂದಲ್ಲ ಒಂದು ಲೈನಿನಲ್ಲಿ ಮೆಗಾಬ್ಲಾಕ್ ಇರುತ್ತದೆ. ಹಳಿ ರಿಪೇರಿಗೆಂದು ಕೆಲವು ಗಾಡಿ ರದ್ದು, ಫಾಸ್ಟ್ ಗಾಡಿ ಸ್ಲೋ ಹಳಿಗೆ. ಭಾನುವಾರವೇ ಅನಿವಾರ್ಯ ಅಂದರೆ ಶನಿವಾರ ರಾತ್ರಿಯೇ ಯಾವ ಲೈನಿನಲ್ಲಿ, ಎಷ್ಟು ಗಂಟೆಯಿಂದ ಬ್ಲಾಕ್ ಅಂತ ನೋಡಿಕೊಂಡು ಹೊರಡಿ.